ಅಕ್ಕಿಕಾಳಿನಷ್ಟು ಸ್ನಾಯು

ಮೊದಲಿಗೇ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ನಾನೇ ಎತ್ತಿ ನಾನೇ ಉತ್ತರಿಸಿಬಿಡುತ್ತೇನೆ. ಮೂವತ್ತೊಂದನೇ ವಯಸ್ಸಿಗೆ ಯಾರಾದರೂ ನಿವೃತ್ತರಾಗುತ್ತಾರೆಯೇ? ಆಗುತ್ತಾರೆ. ಕೆಲಸವೇ ಮುಗಿದುಹೋದ ಮೇಲೆ ವಯಸ್ಸು ಕೇಳುವವರು ಯಾರು? ನನ್ನ ಕೆಲಸಕ್ಕೆ ಒಂದು ಸಂಶೋಧನಾ ಯೋಜನೆ ಆಧಾರವಾಗಿತ್ತು, ಅದು ಮುಗಿಯಿತು. ಆರು ವರ್ಷ ನನ್ನ ಜೊತೆ ಊರೂರು ಸುತ್ತಿದ ಸಾರಜನಕದ ಕ್ಯಾನು ಈಗ ಪ್ರಯೋಗಾಲಯದ ಮೆಟ್ಟಿಲ ಕೆಳಗೆ ಪೊರಕೆಗಳ ಪಕ್ಕ ನಿಂತಿದೆ. ಹಾರ, ಶಾಲು, ಹಣ್ಣಿನ ಬುಟ್ಟಿ ಅದಕ್ಕೂ ಇರಲಿಲ್ಲ, ನನಗೂ ಇರಲಿಲ್ಲ. ನಾನೀಗ ರಾಮನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಆ ಕೆಲಸಕ್ಕೆ ಮತ್ತೆ ಹೋಗುವುದಿಲ್ಲ.

ಹೊಸ ಯೋಜನೆಗೆ ಸೇರುತ್ತಿರುವ ನೀವು ಮೊನ್ನೆ ಬಂದು, "ಅಕ್ಕ, ಕೆಲಸ ನಿಜವಾಗಿ ಹೇಗಿರುತ್ತೆ?" ಎಂದು ಕೇಳಿದಿರಿ. ನಿಯಮಗಳೆಲ್ಲ ನಿಮ್ಮ ಕೈಪಿಡಿಯಲ್ಲಿವೆ. ಅದರಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ಆಸ್ಪತ್ರೆಗಳ ಹೆಸರು ಮಾತ್ರ ಕೇಳಬೇಡಿ.

ಕೆಲಸ ಇಷ್ಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳಲ್ಲಿ ಬಸುರಿಯರನ್ನು ತಪಾಸಣೆಗೆ ಬಂದಾಗಲೇ ಕಂಡು ಮಾತಾಡಿಸುವುದು. ಸಿಸೇರಿಯನ್ ಆಗುವುದಾದರೆ, ಮಗು ಹೊರಬಂದ ಮೇಲೆ, ಹೊಲಿಗೆ ಹಾಕುವ ಮುಂಚೆ, ಕೊಯ್ದ ಅಂಚಿನಿಂದ ಗರ್ಭಕೋಶದ ಸ್ನಾಯುವನ್ನು ಅಕ್ಕಿಕಾಳಿನಷ್ಟು ತೆಗೆದುಕೊಳ್ಳಲು ಒಪ್ಪಿಗೆ ಕೇಳುವುದು. ಒಪ್ಪದಿದ್ದರೆ ನಮಸ್ಕಾರ ಹೇಳಿ ಎದ್ದು ಬರುವುದು. ಒಪ್ಪಿದರೆ ಆ ದಿನ ಥಿಯೇಟರಿನಲ್ಲಿ ಗೌನು ತೊಟ್ಟು, ಕೈಗವಸು ಹಾಕಿ ನಿಲ್ಲುವುದು. ಕತ್ತರಿಸುವುದು ಡಾಕ್ಟರು. ಇಕ್ಕಳದಲ್ಲಿ ಹಿಡಿದು, ಪುಟ್ಟ ಕೊಳವೆಗೆ ಹಾಕಿ, ಆ ಕ್ಷಣವೇ ಹೆಪ್ಪುಗಟ್ಟಿಸಲು ದ್ರವ ಸಾರಜನಕದ ಕ್ಯಾನಿಗೆ ಇಳಿಸುವುದು ನಾನು. ತಡವಾದರೆ ಜೀವಕೋಶದೊಳಗಿನ ಆರ್‌ಎನ್‌ಎ ಸಂದೇಶಗಳು ಬಿಸಿಲಿಗಿಟ್ಟ ಬೆಣ್ಣೆಯಂತೆ ಹೋಗಿಬಿಡುತ್ತವೆ. ನೋವು ಶುರುವಾದವರ ಸ್ನಾಯು ಒಂದು ಕಡೆ, ಇನ್ನೂ ಶುರುವಾಗದವರದು ಇನ್ನೊಂದು ಕಡೆ. ಎರಡರ ನಡುವೆ ಏನು ಬದಲಾಗಿದೆ? ಇದೊಂದೇ ಪ್ರಶ್ನೆಗೆ ಆರು ವರ್ಷ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಡುಗಿ. ಪರ ಕೊಟ್ಟರೂ ವಿರೋಧ ಕೊಟ್ಟರೂ ಮಾತಾಡುತ್ತಿದ್ದೆ, ವಿರೋಧ ಕೊಟ್ಟರೆ ಹಬ್ಬ. 'ಹೆರಿಗೆ ಒಂದು ಪವಾಡ' ಎಂದು ಎದುರಾಳಿಯೊಬ್ಬಳು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಾಗ, "ಜೀರ್ಣಕ್ರಿಯೆಯೂ ಪವಾಡವೇ, ಅದಕ್ಕೆ ಯಾಕೆ ಯಾರೂ ತೊಟ್ಟಿಲು ಕಟ್ಟಲ್ಲ?" ಎಂದು ಕೇಳಿ ಸಭೆಯನ್ನು ನಗಿಸಿ ಕಪ್ಪು ಗೆದ್ದವಳು. ಪವಾಡ ಎನ್ನುವ ಪದ ಯೋಚನೆಗೆ ಹಾಕುವ ಬೀಗ ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ. ಇದನ್ನು ಮೊದಲೇ ಹೇಳುವುದು ಏಕೆಂದರೆ, ಮುಂದೆ ನಾನು ಬೆರಗಿನ ಮಾತಾಡುತ್ತೇನೆ. ಇವಳೂ ಕರಗಿಹೋದಳು ಅಂತ ನೀವು ತಿಳಿಯಬಾರದು.

ಪ್ರಯೋಗಾಲಯದ ಮುಖ್ಯಸ್ಥರು ಖಾದರ್ ಸರ್. ಚನ್ನಪಟ್ಟಣದವರು, ಗೊಂಬೆ ಕಡೆಯುವವರ ಮಗ. ಸಂದರ್ಶನದಲ್ಲಿ ನನ್ನ ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಹೆರಿಗೆ ನೋವು ಹೆಂಗಮ್ಮ ಶುರುವಾಗುತ್ತೆ?" ಎಂದರು.

"ಆಕ್ಸಿಟೋಸಿನ್ ಹಾರ್ಮೋನು ಬರುತ್ತೆ ಸರ್, ಸ್ನಾಯು ಹಿಂಡುತ್ತೆ."

"ಯಾರು ಹೇಳಿದ್ದು?"

"ಪುಸ್ತಕದಲ್ಲಿದೆ ಸರ್."

"ಪುಸ್ತಕಕ್ಕೆ ಯಾರು ಹೇಳಿದ್ದು?"

ಇದು ನಾನು ಬೇರೆಯವರ ಮೇಲೆ ಪ್ರಯೋಗಿಸುತ್ತಿದ್ದ ಅಸ್ತ್ರ. "ಅದನ್ನ ಬರೆದವರನ್ನೇ ಕೇಳಬೇಕು ಸರ್" ಎಂದೆ. ಅವರು ನಕ್ಕು, "ನಾಳೆಯಿಂದ ಬಾ. ಜಗಳ ಆಡೋರು ಬೇಕು ನಂಗೆ" ಎಂದರು.

ಸೇರಿದ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರು ನನ್ನನ್ನು ಕತ್ತಲೆ ಕೋಣೆಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲ ಗಾಜಿನಲ್ಲಿ ನೋವು ಇನ್ನೂ ಬಾರದ ತಾಯಿಯ ಸ್ನಾಯು. ಕಪ್ಪು ಹಿನ್ನೆಲೆ, ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ. ಎರಡನೆಯದು ನೋವು ತಿನ್ನುತ್ತಿದ್ದ ತಾಯಿಯದು. ಅಲ್ಲಿ ಕೋಶ ಕೋಶದ ಗಡಿಯಲ್ಲೆಲ್ಲ ಹಸಿರು ಮಿನುಗು. ದೀಪಾವಳಿಯ ಸಂಜೆ ರೇವಣಸಿದ್ಧೇಶ್ವರ ಬೆಟ್ಟದ ಮೇಲಿಂದ ಕೆಳಗೆ ನೋಡಿದರೆ ಬೀದಿಗಳು ಕಾಣುವ ಹಾಗೆ.

"ಇವೇನು ಸರ್?"

"ಬಾಗಿಲುಗಳು."

ನಿಧಾನವಾಗಿ ವಿವರಿಸಿದರು. ಒಂಬತ್ತು ತಿಂಗಳು ಈ ಸ್ನಾಯುವಿನ ಕೆಲಸ ಏನು? ಏನೂ ಮಾಡದೆ ಇರುವುದು. ಹಿಗ್ಗಬೇಕು, ಹಿಂಡಬಾರದು. ಹಿಂಡುವ ಶಕ್ತಿ ಪೂರ್ತಿ ಇದ್ದೂ ಸುಮ್ಮನಿರಬೇಕು. ಒಂದೊಂದು ಕೋಶವೂ ತನ್ನಷ್ಟಕ್ಕೆ ತಾನು, ನೆರೆಮನೆಯ ಸಂಪರ್ಕವಿಲ್ಲ. ಹೆರಿಗೆಯ ಹೊತ್ತು ಹತ್ತಿರವಾದಾಗ ಪ್ರತಿ ಕೋಶ ತನ್ನ ಗೋಡೆಯಲ್ಲಿ ಅರ್ಧ ಕೊಳವೆ ಕಟ್ಟುತ್ತದೆ. ಪಕ್ಕದ ಕೋಶ ತನ್ನ ಕಡೆಯಿಂದ ಇನ್ನರ್ಧ ಕಟ್ಟುತ್ತದೆ. ಎರಡೂ ಕೂಡಿದ ಕಡೆ ದಾರಿ ಬಿಚ್ಚುತ್ತದೆ. ಆಮೇಲೆ ಒಂದು ಮೂಲೆಯಲ್ಲಿ ಎದ್ದ ವಿದ್ಯುತ್ತು ಮನೆಯಿಂದ ಮನೆಗೆ ದಾಟಿ, ಲೆಕ್ಕವಿಲ್ಲದಷ್ಟು ಕೋಶಗಳು ಒಂದೇ ಉಸಿರಿಗೆ ಹಿಂಡುತ್ತವೆ. ಆ ಕೊಳವೆಯ ಪ್ರೋಟೀನಿಗೆ ಕನೆಕ್ಸಿನ್ ಎಂದು ಹೆಸರು.

"ಇನ್ನೊಂದು ಕೇಳು," ಎಂದರು. "ಸ್ನಾಯುವನ್ನ ಸುಮ್ಮನಿರಿಸೋ ಹಾರ್ಮೋನು ಪ್ರೊಜೆಸ್ಟೆರಾನ್. ಕುರಿ, ಇಲಿಗಳಲ್ಲಿ ಹೆರಿಗೆಗೆ ಮುಂಚೆ ಅದು ರಕ್ತದಲ್ಲಿ ಇಳಿದುಹೋಗುತ್ತೆ. ಮನುಷ್ಯರಲ್ಲಿ ಇಳಿಯಲ್ಲ. ಹಂಗೇ ಇರುತ್ತೆ. 'ಸುಮ್ಮನಿರು' ಅಂತ ಕೂಗ್ತಾನೇ ಇರುತ್ತೆ. ಬದಲಾಗೋದು ಸ್ನಾಯುವಿನ ಕಿವಿ."

ನಾನು ಸುಮ್ಮನೆ ಒಪ್ಪುವವಳೇ? "ಸರ್, ಬಾಗಿಲು ಕಟ್ಟಿದ್ದರಿಂದ ನೋವು ಬಂತೋ, ನೋವು ಬಂದದ್ದರಿಂದ ಬಾಗಿಲು ಕಟ್ಟಿತೋ? ಎರಡೂ ಒಟ್ಟಿಗಿವೆ ಅಂದಮಾತ್ರಕ್ಕೆ ಇದು ಕಾರಣ, ಅದು ಪರಿಣಾಮ ಅನ್ನೋದು ಹೇಗೆ? ಮೊಟ್ಟಮೊದಲು 'ಶುರು ಮಾಡಿ' ಅಂದವರು ಯಾರು? ಮಗುವಾ, ತಾಯಿಯಾ?"

ಖಾದರ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಪೂರ್ತಿ ಯಾರಿಗೂ ಗೊತ್ತಿಲ್ಲಮ್ಮ. ಅದಕ್ಕೇ ನಿನಗೆ ಸಂಬಳ."

ಆ ದಿನ ನಾನು ಅವರನ್ನು ನಂಬಿದೆ. ಗೊತ್ತಿಲ್ಲ ಎನ್ನುವವರನ್ನು ನಂಬಬಹುದು. ನನ್ನ ಬೆರಗು ಶುರುವಾದದ್ದೂ ಅಂದೇ. ತಿಳಿಯದ್ದರ ಮುಂದೆ ಕೈ ಮುಗಿಯುವ ಬೆರಗಲ್ಲ ಅದು. ತಿಳಿಯುತ್ತ ಹೋದಷ್ಟೂ ಹೆಚ್ಚಾಗುವ ಬೆರಗು. ವ್ಯತ್ಯಾಸ ನಿಮಗೆ ಕೆಲಸ ಮಾಡುತ್ತ ಮಾಡುತ್ತ ಗೊತ್ತಾಗುತ್ತದೆ.

ಈಗ ಕ್ಯಾನಿನ ವಿಷಯ. ನಿಮಗೆ ಕ್ಯಾನಿನ ಕಾಟ ಇಲ್ಲ. ಸ್ನಾಯುವಿನ ಚೂರನ್ನು ಒಂದು ದ್ರಾವಣದ ಶೀಶೆಗೆ ಹಾಕಿ ಕೈಚೀಲದಲ್ಲಿಟ್ಟುಕೊಂಡು ಬಂದರೆ ಸಾಕು, ಸಂದೇಶಗಳು ಕೆಡುವುದಿಲ್ಲ. ನಮ್ಮ ಕಾಲದ ಕ್ಯಾನು ನೋಡಲು ಥೇಟ್ ಹಾಲಿನ ಕ್ಯಾನಿನ ಹಾಗೆ. ಮುಚ್ಚಳ ತೆಗೆದರೆ ಬಿಳಿ ಹೊಗೆ. ನಮ್ಮ ಸೀಮೆಯಲ್ಲಿ ಇಂಥ ಕ್ಯಾನು ಹಿಡಿದು ತಿರುಗುವವರು ಒಬ್ಬರೇ: ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು. ಅದರೊಳಗೆ ಹೋರಿಯ ವೀರ್ಯದ ಕಡ್ಡಿಗಳಿರುತ್ತವೆ. ಹಾಗಾಗಿ ನಾನು ಎಲ್ಲಿ ಇಳಿದರೂ ಒಂದೇ ಪ್ರಶ್ನೆ.

ಒಮ್ಮೆ ಕನಕಪುರದಿಂದ ಬೆಂಗಳೂರು ಬಸ್ಸು ಹತ್ತಿದ್ದೆ. ಸೀಟಿನ ಕೆಳಗಿಂದ ಹೊಗೆ ತೆವಳಿ ಬಂತು. ಕಂಡಕ್ಟರು ಟಿಕೆಟು ಹರಿಯುವುದನ್ನು ಬಿಟ್ಟು ಕೂಗಿದರು, "ಯಾರ್ದಮ್ಮ ಇದು? ಒಳಗೇನೈತೆ?"

"ಸಾರಜನಕ. ನೀವು ಉಸಿರಾಡ್ತಿರೋ ಗಾಳೀಲಿ ಇರೋದೇ."

"ಗಾಳೀಲಿ ಇರೋದ ಡಬ್ಬಿಗೆ ತುಂಬ್ಕಂಡು ಯಾಕಮ್ಮ ಹೊತ್ಕಂಡೋಗ್ತಿದ್ದೀಯ? ಬೆಂಗಳೂರಲ್ಲಿ ಗಾಳಿ ಇಲ್ವಾ?"

ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನ ಯಜಮಾನರೊಬ್ಬರು ನನ್ನ ಪರ ವಹಿಸಿದರು. "ಏ ಕಂಡಕ್ಟ್ರೇ, ಅದು ಹಸೀನ್ ಕ್ಯಾನು ಕಣ್ರೀ. ಡಾಕ್ಟ್ರಮ್ಮ ಇವ್ರು." ಮರುಕ್ಷಣ ನನ್ನ ಕಡೆ ಬಾಗಿ, "ಅವ್ವಾ, ನಮ್ ಹಸ ಬೆದೆಗೆ ಬಂದೈತೆ. ಎಚ್ಚೆಫ್ ತಳೀದೈತಾ, ಜರ್ಸೀದೈತಾ?"

ನಾನು ಕಂಡಕ್ಟರ ಜೊತೆ ವಾದಕ್ಕಿಳಿದೆ. ಇದು ಸಿಡಿಯುವುದಿಲ್ಲ, ಉರಿಯುವುದಿಲ್ಲ, ವಿಷವಲ್ಲ, ಒಂದೊಂದಕ್ಕೂ ಆಧಾರ ಕೊಟ್ಟೆ. ಅವರು ನನ್ನನ್ನು ಹಾರೋಹಳ್ಳಿಯಲ್ಲಿ ಇಳಿಸಿ ಹೋದರು. ಖಾದರ್ ಸರ್‌ಗೆ ಫೋನಿನಲ್ಲಿ ದೂರು ಹೇಳಿದರೆ ಅವರು ನನ್ನನ್ನೇ ಬೈದರು. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಅದು ಚೆಲ್ಲಿದರೆ ಉಸಿರಾಡುವ ಗಾಳಿಯನ್ನೇ ತಳ್ಳಿಬಿಡುತ್ತದೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಕಂಡಕ್ಟರು ಕೊಟ್ಟ ಕಾರಣ ತಪ್ಪು, ತೀರ್ಮಾನ ಸರಿ. ನನ್ನ ಕಾರಣಗಳೆಲ್ಲ ಸರಿ, ತೀರ್ಮಾನ ತಪ್ಪು. ಚರ್ಚಾಸ್ಪರ್ಧೆಯಲ್ಲಿ ಇಂಥದಕ್ಕೆ ಅಂಕ ಕೊಡುವ ಪದ್ಧತಿ ಇಲ್ಲ. ಅಂದಿನಿಂದ ನನ್ನದು ಸ್ಕೂಟರು, ಪಕ್ಕದಲ್ಲಿ ಕಬ್ಬಿಣದ ಬಳೆಯಲ್ಲಿ ನೇತಾಡುವ ಕ್ಯಾನು. ಹಸುವಿನ ಡಾಕ್ಟರೇ ಆಗಿಬಿಟ್ಟೆ.

ಇನ್ನು ಸವಿತಾಳ ವಿಷಯಕ್ಕೆ ಬರುತ್ತೇನೆ. ಆರು ವರ್ಷದಲ್ಲಿ ಎಷ್ಟೋ ತಾಯಂದಿರನ್ನು ಕಂಡೆ. ನಾನು ಈ ಕೆಲಸದಿಂದ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಅವಳೊಬ್ಬಳೇ ಕಣ್ಣ ಮುಂದೆ ಬರುತ್ತಾಳೆ.

ಸವಿತಾ ಮದುವೆಗೆ ಮುಂಚೆ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು. ಕೊಟ್ಟದ್ದು ತಿಪ್ಪಸಂದ್ರದ ಕಡೆಗೆ, ನಾಲ್ಕು ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆಗೆ. ಚೊಚ್ಚಲ ಬಸುರು. ಮಾಗಡಿಯ ಆಸ್ಪತ್ರೆಗೆ ತಪಾಸಣೆಗೆ ಬಂದಾಗ ಹೊಂಗೆಮರದ ಕೆಳಗಿನ ಬೆಂಚಿನಲ್ಲಿ ನಾನು ಎಲ್ಲ ವಿವರಿಸಿದೆ. ಕೇಳಿ ಮುಗಿಸಿ ಅವಳು ತಣ್ಣಗೆ ಒಂದು ಮಾತು ಹೇಳಿದಳು.

"ನಮ್ಮವ್ವ ಸೊಂಟನೋವು ಅಂತ ಆಸ್ಪತ್ರೆಗೆ ಹೋಗಿದ್ಲು ಅಕ್ಕ. ಗರ್ಭಕೋಶನೇ ತೆಗೆದ್ಬುಟ್ರು. ಈಗ ನನಗಿರೋ ವಯ್ಸಿಗಿಂತ ಒಸಿ ದೊಡ್ಡೋಳಷ್ಟೆ ಆಗ. ಯಾಕೆ ತೆಗುದ್ರಿ ಅಂತ ಕೇಳೋಕೆ ಯಾರಿಗೂ ಬಾಯಿರ್ನಿಲ್ಲ. ಆಮ್ಯಾಲೆ ಅವ್ವ ಅವ್ವನಂಗೇ ಇರ್ನಿಲ್ಲ. ನಂಗೆ ಹೆರಿಗೆ ಬಗ್ಗೆ ಭಯ ಇಲ್ಲ. ಅದೊಂದ ತೆಗೀದಿದ್ರೆ ಸಾಕು."

"ನಾವು ತಗೊಳ್ಳೋದು ಅಕ್ಕಿಕಾಳಿನಷ್ಟು ಕಣಮ್ಮ."

"ಯಾವ ಅಕ್ಕಿ? ದಪ್ಪಕ್ಕಿಯಾ, ಸಣ್ಣಕ್ಕಿಯಾ?"

ಇಂಥ ಎದುರಾಳಿ ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ. "ಸಣ್ಣಕ್ಕಿ" ಎಂದೆ.

"ಅದಕ್ಕಿಂತ ಒಂದು ನುಚ್ಚು ಹೆಚ್ಚು ತಗಂಡ್ರೂ ಕೇಳ್ತೀನಿ," ಎಂದು ಹೇಳಿ ಸಹಿ ಹಾಕಿದಳು.

ಅವಳ ಹೆರಿಗೆಯ ದಿನ ನಾನು ಮಾಗಡಿಯಲ್ಲೇ ಇದ್ದೆ. ಮನೆಯಲ್ಲಿ ಹಿಂದಿನ ದಿನವೇ ನೋವು ಶುರುವಾಗಿ, ಮಂಕಾಗಿ, ಮತ್ತೆ ಬಂದು, ಕೊನೆಗೆ ಆಸ್ಪತ್ರೆಗೆ ಕರೆತಂದಿದ್ದರು. ಡಾಕ್ಟರು ನಾಗರತ್ನ ಮೇಡಂ. ಕಮ್ಮಿ ಮಾತಿನವರು. ನಾನು ಥಿಯೇಟರಿನಲ್ಲಿ ಬಾಯಿ ತೆರೆದರೆ, "ವಾದ ಬಾಗಿಲಾಚೆ" ಎನ್ನುತ್ತಿದ್ದರು. ಅವರು ನಿಯಮದಂತೆ ಆಕ್ಸಿಟೋಸಿನ್ ಡ್ರಿಪ್ಪು ಹಾಕಿದ್ದರು. ನೋವು ಬರುತ್ತಿತ್ತು, ಆದರೆ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಪ್ರಮಾಣ ಏರಿಸಿದರೂ ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಸಿಸೇರಿಯನ್ ಎಂದು ತೀರ್ಮಾನವಾಯಿತು.

ನಾನು ಕ್ಯಾನು ಹಿಡಿದು ಥಿಯೇಟರಿನ ಬಾಗಿಲಿಗೆ ಬಂದರೆ, ಸವಿತಾಳ ಅತ್ತೆ ಕೆಂಪಮ್ಮ ಅಲ್ಲೇ ಗೋಡೆಗೊರಗಿ ಕೂತಿದ್ದರು. ನನ್ನನ್ನು ಅವರು ನೋಡಿದ್ದು ಅದೇ ಮೊದಲು. ಕ್ಯಾನನ್ನು ಕಂಡದ್ದೇ ಎದ್ದು ನಿಂತರು.

"ಏನವ್ವಾ ಇದು, ಹಸೀನ್ ಕ್ಯಾನ ಹೆರಿಗೆ ರೂಮ್ಗೆ ತಂದಿದ್ದೀಯ? ನನ್ ಸೊಸೆ ಹಸನಾ?"

ನಾನು ಹೇಳಿದೆ, ಇದು ಹಸುವಿನದಲ್ಲ, ಸವಿತಾ ಒಪ್ಪಿದ್ದಾಳೆ, ಇಂತಿಷ್ಟೇ ತೆಗೆಯುವುದು, ಗರ್ಭಕೋಶದ ಸ್ನಾಯು ಹೇಗೆ ಹಿಂಡುತ್ತದೆ ಎಂದು ತಿಳಿಯುವುದಕ್ಕೆ.

"ಅದ್ರಲ್ಲೇನವ್ವ ತಿಳ್ಕಣಾದು? ಇಂಜೆಕ್ಷನ್ ಕೊಟ್ರೆ ಹಿಂಡ್ತದೆ. ಹಸೂಗೂ ಅಷ್ಟೆ, ಹೆಂಗಸ್ರಿಗೂ ಅಷ್ಟೆ."

ನನಗೆ ಹಬ್ಬ. "ಅಜ್ಜಿ, ಹಾಲು ಇಳಿಸೋಕೆ ಹಸುವಿಗೆ ಆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡೋದು ಕಾನೂನಿನ ಪ್ರಕಾರ ತಪ್ಪು, ಗೊತ್ತಾ? ದಿನಾ ಕೊಟ್ರೆ ಹಸು ಆಮೇಲೆ ಅದಿಲ್ದೆ ಹಾಲೇ ಬಿಡಲ್ಲ."

"ಬುಡಾಕಿಲ್ಲ, ನಂಗೊತ್ತಿಲ್ವಾ? ನಮ್ ಕರಿಮೂತಿ ಹಸ ಈಗ ಇಂಜೆಕ್ಷನ್ ಕೊಟ್ರೂ ಬುಡಾಕಿಲ್ಲ. ಕಲ್ಲಂಗೆ ನಿಂತ್ಕತ್ತದೆ. ನಂಗೆ ಬುದ್ಧಿ ಹೇಳ್ತೀಯಲ್ಲ, ನಿಮ್ ಡಾಕ್ಟ್ರಮ್ಮ ಬಾಟ್ಲೀಲಿ ಹಾಕವ್ರಲ್ಲ, ಅದೇನದು? ಅದೇ ಔಷ್ದಿ ಅಲ್ವಾ? ನರ್ಸಮ್ಮನೇ ಅಂದ್ಲು ಅದೇ ಅಂತ. ನಾ ಕೊಟ್ರೆ ತಪ್ಪು, ನೀವು ಕೊಟ್ರೆ ವೈದ್ಯವಾ? ಮನೇಲಿ ನಾನೂ ಕೊಟ್ಟೆ, ಇಲ್ಲಿ ನೀವೂ ಕೊಟ್ರಿ, ಇಬ್ರು ಕೈಲೂ ಆಗ್ನಿಲ್ಲ. ಈಗೇಳು, ನಿಂಗೂ ನಂಗೂ ಏನ್ ವ್ಯತ್ಯಾಸ?"

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ಪ್ರಮಾಣ, ಶುದ್ಧತೆ, ನಿಗಾ, ಮೂರು ಅಂಶ. ಬಾಯಿ ತೆರೆದೂ ಆಗಿತ್ತು. ಆಗ ಅವರ ಮಾತಿನ ಮಧ್ಯದ ತುಂಡು ನಿಧಾನವಾಗಿ ನನ್ನೊಳಗೆ ಇಳಿಯಿತು.

"ಅಜ್ಜಿ, ಮನೇಲಿ ನೀವು ಕೊಟ್ಟಿರಾ? ಸವಿತಾಗಾ?"

ಕೆಂಪಮ್ಮನ ದನಿ ಇಳಿಯಿತು. "ನೋವು ಮಂಕಾಗಿತ್ತು ಕಣವ್ವ. ಮಗ ಡೈರಿಗೆ ಹೋಗಿದ್ದ. ಮಗೀಗೆ ಒಳಗೇ ಏನಾರ ಆದಾತು ಅಂತ ಜೀವ ಕಿತ್ಕಂಡ್ಬಂತು. ಹಸೀಗೆ ಕೊಡೋ ಸೀಸೆ ಇತ್ತು."

"ಒಂದು ಸಲವಾ?"

"ಒಸೊಸಿ. ನೆನ್ನೆಯಿಂದ ಸುಮಾರ್ ಸತಿ." ನನ್ನ ತೋಳು ಹಿಡಿದುಕೊಂಡರು. "ಮಗೀಗೆ ಏನಾರ ಆಯ್ತದಾ?"

ನಾನು ಕ್ಯಾನನ್ನು ಅವರ ಕಾಲ ಬಳಿಯೇ ಇಟ್ಟು ಒಳಗೆ ಓಡಿದೆ. ನಾಗರತ್ನ ಮೇಡಂ ಕೈ ತೊಳೆಯುತ್ತಿದ್ದರು. ಒಂದೇ ವಾಕ್ಯದಲ್ಲಿ ಹೇಳಿದೆ. ನಲ್ಲಿಯ ನೀರು ಹರಿಯುತ್ತಲೇ ಇತ್ತು, ಅವರ ಕೈ ಮಾತ್ರ ನಿಂತಿತು.

ಇಲ್ಲಿ ನಿಮಗೆ ಅಣುಮಟ್ಟದ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಕ್ಸಿಟೋಸಿನ್ ಕೆಲಸ ಮಾಡಬೇಕಾದರೆ ಸ್ನಾಯುಕೋಶದ ಮೈಮೇಲೆ ಅದನ್ನು ಹಿಡಿಯುವ ಗ್ರಾಹಕಗಳು ಬೇಕು, ಅಂದರೆ ಕೇಳುವ ಕಿವಿಗಳು. ಬಸುರಿನ ಮೊದಲ ತಿಂಗಳುಗಳಲ್ಲಿ ಇವು ಕೆಲವೇ ಕೆಲವು. ಹೆರಿಗೆ ಹತ್ತಿರವಾದಂತೆ ಮೈತುಂಬ ಕಿವಿ ಮೂಡುತ್ತದೆ. ಆದರೆ ಬಿಡುವಿಲ್ಲದೆ ಕೂಗಿದರೆ ಕೋಶ ತನ್ನ ಕಿವಿಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಔಷಧಿ ಸುರಿದರೂ ಕೇಳಿಸುವುದಿಲ್ಲ. ಹೆರಿಗೆಗೆ ಮುಂಚೆ ಹೀಗಾದರೆ ಸಿಸೇರಿಯನ್ ಎಂಬ ದಾರಿ ಇದೆ. ಹೆರಿಗೆಯಾದ ಮೇಲೆ ಹೀಗಾದರೆ? ಗರ್ಭಕೋಶದ ರಕ್ತನಾಳಗಳು ಸ್ನಾಯುವಿನ ಎಳೆಗಳ ನಡುವೆಯೇ ಹೆಣೆದುಕೊಂಡು ಹೋಗುತ್ತವೆ. ಮಗು, ಮಾಸು ಬಿದ್ದ ಮೇಲೆ ಸ್ನಾಯು ಬಿಗಿದರೆ ಮಾತ್ರ ಆ ನಾಳಗಳು ಮುಚ್ಚುತ್ತವೆ. ಬಿಗಿಯದಿದ್ದರೆ ರಕ್ತ ನಿಲ್ಲುವುದಿಲ್ಲ. ಯಾವುದಕ್ಕೂ ಬಗ್ಗದಿದ್ದರೆ ತಾಯಿಯ ಜೀವ ಉಳಿಸಲು ಕೊನೆಗೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ.

ಸವಿತಾ ಬೇಡ ಎಂದದ್ದು ಅದೊಂದನ್ನೇ.

ಮೇಡಂ ಕೂಗಿ ಹೇಳಿದರು. "ಸಿಸ್ಟರ್, ಫ್ರಿಜ್ಜಿಂದ ಪ್ರೊಸ್ಟಗ್ಲಾಂಡಿನ್ ತೆಗೆದು ಟೇಬಲ್ ಮೇಲಿಡಿ. ರಕ್ತ ತರಿಸಿ, ಈಗಲೇ. ಆಕ್ಸಿಟೋಸಿನ್ ನಂಬಿಕೊಂಡು ಕೂರೋ ಹಾಗಿಲ್ಲ." ನನ್ನ ಕಡೆ ತಿರುಗಿ, "ಹೋಗಿ ಕೇಳು, ಹುಡುಗಿಗೆ ಉಬ್ಬಸ ಇದೆಯಾ ಅಂತ" ಎಂದರು. ಗರ್ಭಕೋಶವನ್ನು ಬೇರೆ ದಾರಿಯಲ್ಲಿ ಹಿಂಡಿಸುವ ಆ ಇಂಜೆಕ್ಷನ್ ಉಬ್ಬಸದವರಿಗೆ ಆಗದು. ನಾನು ಬಾಗಿಲಿಗೆ ಬಂದು ಕೇಳಿದೆ. ಕೆಂಪಮ್ಮ ಇಲ್ಲವೆಂದು ತಲೆಯಾಡಿಸಿದರು. ನಾನು ಕ್ಯಾನನ್ನು ಎತ್ತಿಕೊಂಡು ಒಳಗೆ ಹೋಗಿ ಗೌನು, ಕೈಗವಸು ತೊಟ್ಟೆ.

ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ಸವಿತಾ ಎಚ್ಚರವಾಗಿದ್ದಳು. ಎದೆಯ ಹತ್ತಿರ ಹಸಿರು ಪರದೆ. ಮಗು ಹೊರಬಂತು, ಹೆಣ್ಣು. ಒಂದು ಕ್ಷಣ ತಡೆದು ಅತ್ತಿತು. ಮಾಸು ಬಂತು. ನಾನು ಇಕ್ಕಳ ಹಿಡಿದು, ಕೊಳವೆಯ ಮುಚ್ಚಳ ತೆಗೆದು, ಮೇಡಂ ಕೈಯನ್ನೇ ನೋಡುತ್ತಿದ್ದೆ. ನಮ್ಮ ಯೋಜನೆಗೆ ಇಂಥ ಸ್ನಾಯು ಮತ್ತೆ ಸಿಗುವುದು ಕಷ್ಟ. ಕಿವಿ ಮುಚ್ಚಿಕೊಂಡ ಕೋಶಗಳು, ನಾವು ಓದಿ ಮಾತ್ರ ಬಲ್ಲದ್ದು. ಹಾಗೆ ಯೋಚಿಸಿದ್ದು ನಿಜ, ಬಚ್ಚಿಡುವುದಿಲ್ಲ.

ಗರ್ಭಕೋಶ ಸಡಿಲವಾಗಿತ್ತು. ನೀರು ಹೆಚ್ಚಾದ ಮುದ್ದೆಯ ಹಾಗೆ, ಹಿಡಿದ ಕಡೆ ಕುಸಿಯುತ್ತಿತ್ತು. ರಕ್ತ ಏರುತ್ತಲೇ ಇತ್ತು. ಆಕ್ಸಿಟೋಸಿನ್ ಹೋಗುತ್ತಿತ್ತು, ಏನೂ ಆಗಲಿಲ್ಲ. ಸಿಸ್ಟರ್ ಇಂಜೆಕ್ಷನ್ ತುಂಬಿಸುತ್ತಿದ್ದರು. ಇನ್ನೊಬ್ಬರು ರಕ್ತದ ಚೀಲಕ್ಕೆ ಹೋಗಿದ್ದರು.

"ಇಕ್ಕಳ ಕೆಳಗಿಡು," ಎಂದರು ಮೇಡಂ. "ಇವತ್ತು ನಿನ್ನ ಅಕ್ಕಿಕಾಳು ಇಲ್ಲ. ಕೈ ಕೊಡು. ಹೀಗೆ ಹಿಡಿ. ಉಜ್ಜು. ಬಿಡಬೇಡ."

ನಾನು ನರ್ಸಲ್ಲ, ಡಾಕ್ಟರಲ್ಲ. ಅಲ್ಲಿಯವರೆಗೆ ಅಕ್ಕಿಕಾಳಿನಷ್ಟನ್ನು ಮಾತ್ರ ಮುಟ್ಟಿದವಳ ಎರಡು ಅಂಗೈ ನಡುವೆ ಅಂದು ಪೂರ್ತಿ ಗರ್ಭಕೋಶ ಇತ್ತು. ಬೆಚ್ಚಗಿತ್ತು. ಭಾರವಾಗಿತ್ತು. ಮೇಡಂ ಇಂಜೆಕ್ಷನ್ ಕೊಟ್ಟು, ಹೊಲಿಗೆ ಹಾಕತೊಡಗಿ, ತಮ್ಮಷ್ಟಕ್ಕೆ ಹೇಳಿಕೊಂಡರು. "ಇದಕ್ಕೂ ಬಗ್ಗದಿದ್ರೆ..."

ಪರದೆಯ ಆಚೆಯಿಂದ ಸವಿತಾಳ ದನಿ ಬಂತು. ತೆಳ್ಳಗೆ, ಆದರೆ ಸ್ಪಷ್ಟವಾಗಿ. "ಅಕ್ಕಾ... ಸಣ್ಣಕ್ಕಿ ಅಂದಿದ್ರಿ. ತೆಗೀತಿದ್ದೀರಾ?"

"ಇಲ್ಲ."

"ಸುಳ್ಳೇಳ್ಬೇಡಿ."

"ಇಲ್ಲ ಸವಿತಾ. ಇಲ್ಲೇ ಇದೆ. ನನ್ನ ಕೈಲೇ ಇದೆ."

ಅದು ಅಲ್ಲೇ ಉಳಿಯುತ್ತದೆ ಎಂದು ನಾನು ಹೇಳಲಿಲ್ಲ. ಹೇಳಲು ಆಧಾರವಿರಲಿಲ್ಲ.

ಪ್ರೊಸ್ಟಗ್ಲಾಂಡಿನ್‌ಗೆ ಕಿವಿಗಳೇ ಬೇರೆ. ಆಕ್ಸಿಟೋಸಿನ್ನಿನ ಕಿವಿಗಳು ಮುಚ್ಚಿದರೂ ಇವು ಕೋಶದ ಮೈಮೇಲೆ ಹಾಗೇ ಇರುತ್ತವೆ. ಇದು ನನಗೆ ಬಾಯಿಪಾಠ, ಚಿತ್ರ ಬರೆದು ತೋರಿಸುತ್ತಿದ್ದೆ. ಆ ಹೊತ್ತಿನಲ್ಲಿ ಉಜ್ಜುತ್ತ ಉಜ್ಜುತ್ತ ಆ ಚಿತ್ರವನ್ನೇ ನೆನೆಯುತ್ತಿದ್ದೆ. ಕೇಳಿ, ಕೇಳಿ, ಈ ದನಿಯನ್ನಾದರೂ ಕೇಳಿ ಎನ್ನುತ್ತಿದ್ದೆ. ಬೇರೆಯವರು ಇದನ್ನು ಪ್ರಾರ್ಥನೆ ಎನ್ನಬಹುದು. ನಾನು ಅನ್ನುವುದಿಲ್ಲ, ಆದರೆ ವಾದಕ್ಕೂ ಬರುವುದಿಲ್ಲ.

ಮೊದಲು ಬಲ ಅಂಗೈಯ ಕೆಳಗೆ, ಮೇಲ್ಮೂಲೆಯಲ್ಲಿ, ಏನೋ ಬಿಗಿಯಿತು. ನನ್ನ ಬೆರಳೇ ಜೋಮು ಹಿಡಿಯಿತೇನೋ ಎಂದುಕೊಂಡೆ. ಆಮೇಲೆ ಆ ಬಿಗಿ ಸರಿಯಿತು. ಮೇಲಿಂದ ಎಡಕ್ಕೆ, ಎಡದಿಂದ ಕೆಳಕ್ಕೆ, ಒಂದು ಅಲೆಯ ಹಾಗೆ ನನ್ನ ಎರಡೂ ಕೈಯನ್ನು ದಾಟಿ ಹೋಯಿತು. ಕತ್ತಲೆ ಕೋಣೆಯಲ್ಲಿ ನಾನು ಕಂಡಿದ್ದ ಹಸಿರು ಬಾಗಿಲುಗಳು, ಒಂದೊಂದಾಗಿ, ಮನೆಯಿಂದ ಮನೆಗೆ ಸುದ್ದಿ ದಾಟಿಸುತ್ತಿವೆ ಎಂದು ನನ್ನ ಅಂಗೈಗೆ ಗೊತ್ತಾಯಿತು. ಮುದ್ದೆಯಂತಿದ್ದದ್ದು ಸುಲಿದ ತೆಂಗಿನಕಾಯಿಯಾಯಿತು. ನನ್ನ ಕೈಯನ್ನೇ ಹೊರಕ್ಕೆ ತಳ್ಳುವಷ್ಟು ಗಟ್ಟಿ. ರಕ್ತ ಕಮ್ಮಿಯಾಯಿತು, ಜಿನುಗಿತು, ನಿಂತಿತು.

ನಾಗರತ್ನ ಮೇಡಂ ಕೊನೆಯ ಗಂಟು ಹಾಕಿ, "ಈಗ ಬಿಡು," ಎಂದರು. ನನಗೆ ಬಿಡಲು ಸ್ವಲ್ಪ ಹೊತ್ತು ಬೇಕಾಯಿತು.

ಖಾದರ್ ಸರ್‌ಗೆ ಎಲ್ಲ ಹೇಳಿದೆ. ಮನೆಯ ಇಂಜೆಕ್ಷನ್ನೇ ಕಾರಣ ಎಂದು ಒಂದು ಪ್ರಕರಣದಿಂದ ಸಾಧಿಸಲು ಆಗುವುದಿಲ್ಲ, ಬರೀ ಡ್ರಿಪ್ಪಿನಿಂದಲೂ ಹಾಗಾಗಬಹುದು, ಎರಡೂ ಇಲ್ಲದೆಯೂ ಆಗಬಹುದು ಎಂದು ನಾನೇ ಹೇಳಿದೆ. ಅವರು ಹೌದೆಂದರು. "ಸ್ಯಾಂಪಲ್ ಇಲ್ಲ ಸರ್," ಎಂದೆ. "ಕೈಗೆ ಸಿಕ್ಕಿತಲ್ಲ," ಎಂದರು.

ನಿಮಗೆ ಒಂದು ಮಾತು. ನಿಮ್ಮ ಪುಟ್ಟ ಶೀಶೆ ಒಳ್ಳೆಯದು, ಚೆಲ್ಲುವುದಿಲ್ಲ, ಹೊಗೆಯಾಡುವುದಿಲ್ಲ. ಆದರೆ ನಿಮ್ಮನ್ನು ಯಾರೂ ಹಸುವಿನ ಡಾಕ್ಟರು ಎಂದು ತಪ್ಪು ತಿಳಿಯುವುದಿಲ್ಲ, ಹಾಗಾಗಿ ಯಾರೂ ತಾವಾಗಿ ಬಂದು ಜಗಳ ತೆಗೆಯುವುದಿಲ್ಲ. ನೀವೇ ಹೋಗಿ ಬೆಂಚಿನಲ್ಲಿ ಕೂರಬೇಕು. ಎದುರಿನವರು ಸಿಟ್ಟಿನಲ್ಲಿ ಹೇಳುವುದನ್ನು ಕೊನೆಯವರೆಗೂ ಹೇಳಲು ಬಿಡಬೇಕು. ಉತ್ತರ ಸಿದ್ಧವಿದ್ದರೂ ನುಂಗಿಕೊಳ್ಳಬೇಕು. ನನಗೆ ಇದು ಇನ್ನೂ ಪೂರ್ತಿ ಬಂದಿಲ್ಲ.

ಮಾರನೆಯ ದಿನ ವಾರ್ಡಿಗೆ ಹೋದೆ. ಕೆಂಪಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಮೊದಲು ಮುಖ ತಿರುಗಿಸಿದರು, ಆಮೇಲೆ ತಾವೇ, "ಹೆಂಗಸ್ರಿಗೆ ಕೊಡಾಕಿಲ್ಲ ಅಂತ ಡಾಕ್ಟ್ರಮ್ಮಂಗೆ ಆಣೆ ಮಾಡಿವ್ನಿ," ಎಂದರು.

"ಹಸುವಿಗೆ?"

"ನೋಡಾನ. ಒಂದೇ ದಿನ ಎಲ್ಲ ಗೆದ್ಕಂಡೋಗ್ಬೇಡ ನೀನು."

ಸವಿತಾ ಕಣ್ಣು ಮುಚ್ಚಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ. "ಚೂರು ತಗಂಡ್ರಾ ಅಕ್ಕ?" ಎಂದಳು.

"ಇಲ್ಲ."

"ಒಂದ್ ನುಚ್ಚೂ ಇಲ್ಲ?"

"ಒಂದು ನುಚ್ಚೂ ಇಲ್ಲ."

ಅವಳು ನನ್ನ ಕೈಯನ್ನು ಎಳೆದು, ಸೆರಗಿನ ಮೇಲಿಂದಲೇ, ಹೊಕ್ಕಳ ಹತ್ತಿರ ಇಟ್ಟುಕೊಂಡಳು. ಹೊಲಿಗೆಗೆ ತಾಗದಂತೆ ಮೆಲ್ಲಗೆ ಒತ್ತಿದೆ. ಒಳಗೆ ಗಟ್ಟಿಯಾಗಿ, ಗುಂಡಾಗಿ, ಕೆಲಸ ಮುಗಿಸಿದ ಸ್ನಾಯು. ಅಷ್ಟು ಹೊತ್ತಿಗೆ ಅದು ತನ್ನ ಬಾಗಿಲುಗಳನ್ನು ಕಳಚಲು ಶುರು ಮಾಡಿರುತ್ತದೆ. ಇನ್ನು ಕೆಲವೇ ವಾರಗಳಲ್ಲಿ ಒಂದೊಂದು ಕೋಶವೂ ಕುಗ್ಗಿ, ಇಡೀ ಗರ್ಭಕೋಶ ಮುಷ್ಟಿಯಷ್ಟಾಗಿ, ಯಾರ ಗಮನಕ್ಕೂ ಬಾರದೆ ತನ್ನ ಮೂಲೆಗೆ ಹೋಗಿ ಕೂರುತ್ತದೆ.

"ಡಾಕ್ಟ್ರಮ್ಮ ಐತೆ ಅಂದ್ರು. ನಮ್ಮತ್ತೆನೂ ಐತೆ ಅಂತಾರೆ. ನಮ್ಮವ್ವಂಗೂ ಹಿಂಗೇ ಎಲ್ರೂ ಏನೇನೋ ಹೇಳಿದ್ರು," ಎಂದಳು ಸವಿತಾ. "ನೀವು ಆಧಾರ ಇಲ್ದೆ ಏನೂ ಒಪ್ಪಲ್ಲ ಅಂತ ನರ್ಸಮ್ಮ ಅಂದ್ಲು. ಮುಟ್ಟಿ ನೋಡಿ ನೀವೇ ಹೇಳಿ. ಐತಾ?"

ನಾನು ಅವಸರ ಮಾಡಲಿಲ್ಲ. ಮೇಲಂಚು ಹುಡುಕಿದೆ, ಎರಡೂ ಬದಿ ಹುಡುಕಿದೆ. ಅಂಗೈಗೆ ಅದರ ಗುರುತು ಸಿಕ್ಕಿತು.

"ಐತೆ ಕಣೇ," ಎಂದೆ. "ಪೂರ್ತಿ ಐತೆ."